ಗ್ರಿಡ್‌ಗೆ ಸಿಗದ ಕೈ

“ನನ್ನ ಕೈ ನಿಮ್ಮ ಹತ್ರ ಇದೆ ಅಂತ ಗೊತ್ತಾಯ್ತು. ವಾಪಸ್ ತಗೊಂಡು ಹೋಗೋಣ ಅಂತ ಬಂದೆ.”

ಸ್ಟುಡಿಯೋ ಬಾಗಿಲಲ್ಲಿ ನಿಂತವನ ಬಾಯಿಂದ ಬಂದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಒಳಗೆ ಬರಬಹುದಾ ಎಂಬ ಕೇಳಿಕೆಯೂ ಇಲ್ಲ.

ಚುಕ್ಕಿ ಹೆಡ್‌ಫೋನ್ ಕೆಳಗಿಳಿಸಿ ತಿರುಗಿ ನೋಡಿದಳು.

ಆ ಮುಖ ಅವಳಿಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ... ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅವಳ ಇಯರ್‌ಫೋನ್ ಈ ಮನುಷ್ಯನ ಡ್ರಮ್ ಬಿಟ್ಟು ಬೇರೇನನ್ನೂ ಕಂಡದ್ದಿಲ್ಲ. ಅವನ ಬ್ಯಾಂಡ್ ನುಡಿಸುತ್ತಿದ್ದ ಸಣ್ಣ ಸಣ್ಣ ಹಾಲ್‌ಗಳಲ್ಲಿ ಎಲ್ಲರೂ ಮುಂದೆ ನಿಂತ ಹಾಡುಗಾರನನ್ನು ನೋಡಿದರೆ, ಇವಳು ಹಿಂದೆ ಕೂತವನ ಎಡಗೈಯನ್ನು ನೋಡುತ್ತಿದ್ದಳು. ಒಂದು ದಿನವೂ ಹತ್ತಿರ ಹೋಗಿ ಮಾತಾಡಿಸಿರಲಿಲ್ಲ. ಧೈರ್ಯ ಎಲ್ಲಿಂದ ಬರಬೇಕು ಪಾಪ.

ಈಗ ಆತ ತಾನಾಗಿಯೇ ಬಂದಿದ್ದ. ಬಂದದ್ದೇನೋ ಸರಿ, ಜಗಳಕ್ಕೆ ಬಂದಿದ್ದ.

ಎಲೆಕ್ಟ್ರಾನಿಕ್ ಸಂಗೀತಕ್ಕೆ ಡ್ರಮ್ ಬೀಟ್ ಕಟ್ಟುವುದು ಚುಕ್ಕಿಯ ಕೆಲಸ. ಕೋಲು ಹಿಡಿದು ಬಾರಿಸುವುದಲ್ಲ. ಕಂಪ್ಯೂಟರ್ ಪರದೆಯ ಮೇಲೆ ಗೆರೆಗಳ ಒಂದು ಚೌಕಳಿ ಇರುತ್ತದೆ, ಅದಕ್ಕೆ ಗ್ರಿಡ್ ಎನ್ನುತ್ತಾರೆ. ಯಾವ ಪೆಟ್ಟು ಯಾವ ಗಳಿಗೆಗೆ ಬೀಳಬೇಕೋ ಅಲ್ಲಿ ಒಂದು ಚುಕ್ಕಿ ಇಟ್ಟರೆ ಆಯಿತು, ಉಳಿದದ್ದನ್ನು ಸಾಫ್ಟ್‌ವೇರ್ ಬಾರಿಸುತ್ತದೆ. ದಿನವಿಡೀ ಚುಕ್ಕಿ ಇಡುವವಳಿಗೆ ಸೋದರತ್ತೆ ಇಟ್ಟ ಹೆಸರು ಚುಕ್ಕಿ. ಸ್ಟುಡಿಯೋ ಕೂಡ ಅತ್ತೆಯದೇ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರ ಗೋಡೆಗೆಲ್ಲ ಸದ್ದು ಹೀರುವ ಸ್ಪಂಜು, ಇನ್ನೊಂದರಲ್ಲಿ ಯಾವ ಸ್ಪಂಜಿಗೂ ಜಗ್ಗದ ಅತ್ತೆಯ ಬಾಯಿ.

“ಯಾವ ಕೈ?” ಎಂದಳು ಚುಕ್ಕಿ.

“ನಿನ್ನೆ ಶೂ ಅಂಗಡಿಗೆ ಹೋಗಿದ್ದೆ. ಅಲ್ಲೊಂದು ಹೌಸ್ ಟ್ರ್ಯಾಕ್, ಅದೇ ಆ ಕುಣಿಯೋ ಮ್ಯೂಸಿಕ್, ಹಾಕಿದ್ರು. ಧಪ್ ಧಪ್ ಅಂತ ಒಂದೇ ಸಮ ಕಿಕ್, ಮೇಲೆ ಚಪ್ಪಾಳೆ, ಎಲ್ಲಾ ಕಡೆ ಇರೋ ಹಾಗೇನೇ. ಸ್ನೇರ್ ಡ್ರಮ್ ಮಾತ್ರ ನನ್ನದು.” ಆತ ಒಂದು ಹೆಜ್ಜೆ ಒಳಗಿಟ್ಟ. “ನನ್ನ ಎಡಗೈ ಕೂದಲೆಳೆಯಷ್ಟು ತಡವಾಗಿ ಬೀಳುತ್ತೆ. ಅದು ಬೇರೆ ಯಾರದ್ದೂ ಅಲ್ಲ. ಫೋನಲ್ಲಿ ಹುಡುಕಿದ್ರೆ ಈ ಸ್ಟುಡಿಯೋ ಹೆಸರು ಬಂತು. ನಮ್ಮ ಹಳೇ ರೆಕಾರ್ಡಿಂಗ್‌ನಿಂದ ಕತ್ತರಿಸಿ ಅಂಟಿಸಿದ್ದೀರಿ ತಾನೆ?”

“ಕತ್ತರಿಸಿಲ್ಲ. ಕಿವಿಯಲ್ಲಿ ಕೇಳಿ ಕೈಯಾರೆ ಇಟ್ಟಿದ್ದು.”

“ಮೌಸ್ ಹಿಡ್ಕೊಂಡು ಹಾಗೆ ಬಾರಿಸೋಕಾಗಲ್ಲ. ಸುಳ್ಳಾದ್ರೂ ಸ್ವಲ್ಪ ನಂಬೋ ಹಾಗಿರಲಿ.”

ಅವನ ಬಲಗೈ ಜಾಕೆಟ್ಟಿನ ಜೇಬಿನಲ್ಲೇ ಇತ್ತು. ಯಾಕೆಂದು ಚುಕ್ಕಿಗೆ ಗೊತ್ತಿತ್ತು. ಕಳೆದ ವರ್ಷ ಸಾಮಾನು ಇಳಿಸುವಾಗ ವ್ಯಾನಿನ ಬಾಗಿಲು ಬಡಿದು ಮಣಿಕಟ್ಟಿನ ನರ ತುಂಡಾಗಿತ್ತು. ಬ್ಯಾಂಡಿನವರು ಬೇರೆ ಡ್ರಮ್ಮರನನ್ನು ಹುಡುಕಿಕೊಂಡಿದ್ದರು. ಆ ಸುದ್ದಿ ಓದಿದ ದಿನ ಅವಳಿಗೆ ಊಟ ಸೇರಿರಲಿಲ್ಲ.

ಆದರೂ ಕೋಪ ನೆತ್ತಿಗೇರಿತು. ಬೇರೆ ಯಾರು ಕಳ್ಳಿ ಎಂದುಕೊಂಡಿದ್ದರೂ ನಕ್ಕು ಸುಮ್ಮನಾಗುತ್ತಿದ್ದಳೇನೋ. ‘ಇವನೇ ಹಾಗೆ ಅಂದ್ಕೊಂಡುಬಿಟ್ಟನಲ್ಲ...’

“ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ,” ಎಂದಳು. “ಖಾಲಿ ಹಾಳೆಯಿಂದ ಶುರು ಮಾಡ್ತೀನಿ. ಕತ್ತರಿ ಎಲ್ಲಿ ಕಾಣ್ಸುತ್ತೋ ಅಲ್ಲಿ ನಿಲ್ಲಿಸಿ.”

ಡ್ರಮ್ಮರ್ ಕೂತ.

ಅವಳು ಮೊದಲು ಕಿಕ್ ಇಟ್ಟಳು, ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು, ಪ್ರತಿ ಎಣಿಕೆಗೂ ಒಂದು. ಆಮೇಲೆ ಸ್ನೇರ್, ಎಡಗೈಯಲ್ಲಿ ಬಾರಿಸುವ ಸಣ್ಣ ಡ್ರಮ್ಮಿನ ಚಟ್ ಸದ್ದು. ಕಿಕ್ಕುಗಳ ನಡುವಿನ ಜಾಗದಲ್ಲಿ ಹೈ-ಹ್ಯಾಟ್, ಅಂದರೆ ಒಂದರ ಮೇಲೊಂದು ಕೂತ ಆ ಜೋಡಿ ತಟ್ಟೆಯ ಚಿಸ್ ಚಿಸ್ ಸದ್ದು. ಅಲ್ಲಿಯವರೆಗೆ ಎಲ್ಲ ಗೆರೆಯ ಮೇಲೇ ಇತ್ತು. ಕೇಳಿದರೆ ಹೊಲಿಗೆ ಯಂತ್ರ ಓಡಿದ ಹಾಗಿತ್ತು.

ಆಮೇಲೆ ಸ್ನೇರಿನ ಚುಕ್ಕಿಯನ್ನು ಹಿಡಿದು ಗೆರೆಯಿಂದ ತುಸು ಆಚೆಗೆ ಸರಿಸಿದಳು. ಕಣ್ಣು ಮುಚ್ಚಿ ಕೇಳಿದಳು. ಇನ್ನೊಂದಿಷ್ಟು ಸರಿಸಿದಳು. ಅದರ ಹಿಂದೆಮುಂದೆ ಕೇಳಿಯೂ ಕೇಳದಂಥ ಸಣ್ಣ ಪೆಟ್ಟುಗಳನ್ನು ಇಟ್ಟು, ಒಂದೊಂದರ ಜೋರನ್ನೂ ಬೇರೆ ಬೇರೆಯಾಗಿ ತಗ್ಗಿಸಿದಳು. ಹೀಗೆ ಎಷ್ಟು ಹೊತ್ತು ಹೋಯಿತೋ ಇಬ್ಬರಿಗೂ ಗೊತ್ತಿಲ್ಲ. ಕೊನೆಗೆ ಸ್ಪೀಕರ್ ಹಾಕಿದಳು.

ಡ್ರಮ್ಮರನ ಎಡಗೈ ತನ್ನಷ್ಟಕ್ಕೆ ತೊಡೆಯ ಮೇಲೆ ಆಡತೊಡಗಿತು. ಪರದೆಯ ಸ್ನೇರೂ ತೊಡೆಯ ಮೇಲಿನ ಪೆಟ್ಟೂ ಒಟ್ಟಿಗೇ ಬೀಳುತ್ತಿದ್ದವು. ಆತ ಗರ ಬಡಿದವನಂತೆ ಕೂತುಬಿಟ್ಟ.

“ಎಷ್ಟು ವರ್ಷದಿಂದ ಕೇಳ್ತಿದ್ದೀರಿ ನನ್ನನ್ನ?”

“ಲೆಕ್ಕ ಇಟ್ಟಿಲ್ಲ.”

“ಕಳ್ಳಿ ಅಂದುಬಿಟ್ಟೆ. ತಪ್ಪಾಯ್ತು.”

“ಆ ಪದ ನೀವು ಹೇಳಲೇ ಇಲ್ವಲ್ಲ.”

“ಮೆಟ್ಟಿಲು ಹತ್ತುವಾಗ ಅಂದ್ಕೊಂಡು ಬಂದಿದ್ದೆ.”

ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು. “ಜಗಳ ಮುಗೀತಾ? ಮುಗಿದಿದ್ರೆ ಟೀ ತರ್ತೀನಿ. ಇನ್ನೂ ಇದ್ರೆ ಹೇಳಿ, ಸುಮ್ನೆ ಆರಿಹೋಗುತ್ತೆ.”

ಟೀ ಬಂತು. ಡ್ರಮ್ಮರ್ ಕಪ್ಪನ್ನು ಎಡಗೈಯಲ್ಲಿ ತೆಗೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಬಲಗೈಯನ್ನೂ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಎರಡು ಬೆರಳು ಮಡಚುತ್ತಿರಲಿಲ್ಲ.

“ಇದನ್ನ ನನಗೆ ಕಲಿಸ್ತೀರಾ?” ಎಂದ. ಚುಕ್ಕಿ ತಲೆಯಾಡಿಸಿದಳು, ಅಷ್ಟೆ.

*

ಮರುದಿನದಿಂದಲೇ ಪಾಠ ಶುರುವಾಯಿತು. ಪಾಠ ಎಂದರೆ ಒಬ್ಬರು ಕಲಿಸಿ ಇನ್ನೊಬ್ಬರು ಕಲಿಯುವುದಲ್ಲ, ದಿನಾ ವಾದ.

“ಇಲ್ಲಿ ನೋಡಿ,” ಎಂದು ಆತ ಪರದೆಗೆ ಬೆರಳಿಟ್ಟ. “ಹೈ-ಹ್ಯಾಟ್‌ಗೆ ಒಂದು ಕೈ, ಸ್ನೇರ್‌ಗೆ ಒಂದು ಕೈ. ಅದೇ ಹೊತ್ತಿಗೆ ದೊಡ್ಡ ತಟ್ಟೆ ಬಾರಿಸೋಕೆ ಯಾರು ಬಂದ್ರು? ನಿಮ್ಮ ಡ್ರಮ್ಮರ್‌ಗೆ ಮೂರು ಕೈಯಾ?”

“ಇರಲಿ ಬಿಡಿ. ಟೆಕ್ನೋ ಮ್ಯೂಸಿಕ್‌ಗೆ ಮೂರು ಕೈ ಇದ್ರೆ ಯಾರೂ ಬೈಯಲ್ಲ.”

“ನನಗಿರೋದು ಒಂದೂವರೆ. ನಿಮ್ಮವನ ಮೂರು ಸೇರಿಸಿದ್ರೆ ನಾಲ್ಕೂವರೆ. ಜೋರಾಗಿರುತ್ತೆ ಬ್ಯಾಂಡು.”

ಅವಳು ನಕ್ಕಳು. ತನ್ನ ಕೈಯ ಬಗ್ಗೆ ಅವನು ಹಾಗೆ ಹಗುರಾಗಿ ಮಾತಾಡಿದ್ದು ಅದೇ ಮೊದಲು. ನಗುವಾಗಲೇ ಅವಳಿಗೆ ಅಳುವೂ ಬಂದಂತಾಯಿತು.

ಒಂದೊಂದು ಬಗೆಯ ಸಂಗೀತದ ನಡಿಗೆಯನ್ನೂ ಅವಳು ತೋರಿಸಿಕೊಟ್ಟಳು. ಹೌಸ್ ಹೇಗೆ ನೆಟ್ಟಗೆ ನಡೆಯುತ್ತದೆ, ಡ್ರಮ್ ಅಂಡ್ ಬೇಸ್ ಹೇಗೆ ಎಡವಿ ಎಡವಿ ಓಡುತ್ತದೆ, ಟ್ರ್ಯಾಪ್‌ನಲ್ಲಿ ಹೈ-ಹ್ಯಾಟ್ ಹೇಗೆ ಬಟಾಣಿ ಚೆಲ್ಲಿದಂತೆ ಉದುರುತ್ತದೆ. ಅವನು ಹಸಿದವನಂತೆ ಕಲಿತ. ಚುಕ್ಕಿ ಇಡುವುದಕ್ಕೆ ತಾಳ್ಮೆ ಸಾಲದೆ, ಕಂಪ್ಯೂಟರಿಗೆ ಸಿಕ್ಕಿಸಿದ ರಬ್ಬರ್ ಪ್ಯಾಡಿನ ಮೇಲೆ ಬೆರಳಲ್ಲೇ ಬಡಿಯುತ್ತಿದ್ದ. ಬಡಿದದ್ದೆಲ್ಲ ಗ್ರಿಡ್‌ನಲ್ಲಿ ಚುಕ್ಕಿಯಾಗಿ ಬಂದು ಕೂರುತ್ತಿತ್ತು. ಮಡಚದ ಬೆರಳುಗಳು ಪ್ಯಾಡಿನ ಮೇಲೆ ಬೀಳುವುದನ್ನು ಅವಳು ಕೆಲಸ ಮರೆತು ನೋಡುತ್ತಿದ್ದಳು.

‘ಈ ಮನುಷ್ಯನಿಂದ ಕೋಲು ಕಿತ್ಕೊಂಡ್ರೂ ತಾಳ ಕಿತ್ಕೊಳ್ಳೋಕಾಗಲಿಲ್ಲ ನೋಡು...’ ಎಂದುಕೊಳ್ಳುತ್ತಿದ್ದಳು.

ಅತ್ತೆಗೆ ಎಲ್ಲ ಅರ್ಥವಾಗುತ್ತಿತ್ತು. “ಇವತ್ತೇನು ಹೊಸ ಅಂಗಿ?” ಎಂದರು ಒಂದು ಬೆಳಿಗ್ಗೆ.

“ಹಳೇದೇ ಅತ್ತೆ.”

“ಇಸ್ತ್ರಿ ಹೊಸದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಾನು ಅಂಗಿ ಅಂದೆ, ನೀನು ಯಾಕೆ ಕೆಂಪಾಗ್ತೀಯ?”

ಹೀಗಿರುವಾಗಲೇ ಕೆಲಸವೊಂದು ಬಂತು. ಒಬ್ಬ ನೃತ್ಯ ನಿರ್ದೇಶಕಿ ಹೊಸ ಪ್ರದರ್ಶನಕ್ಕೆ ಬೀಟ್ ಹುಡುಕುತ್ತಿದ್ದರು. ಅತ್ತೆಯ ಹಳೆಯ ಪರಿಚಯ. ಮಾತು ಕಡಿಮೆ, ಕತ್ತರಿಸಿದಂತೆ ಮಾತು. ಇದನ್ನು ಡ್ರಮ್ಮರೇ ಮಾಡಲಿ ಎಂದಳು ಚುಕ್ಕಿ.

ಆತ ಪ್ಯಾಡನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ.

“ನಮ್ಮ ಭಾವಂದು ಡ್ರೈವಿಂಗ್ ಸ್ಕೂಲ್ ಇದೆ. ಬಂದು ಕೂತ್ಕೋ, ಕಲಿಯೋರ ಹೆಸರು ಬರ್ಕೋ ಅಂತ ಅಕ್ಕ ಹೇಳ್ತಾನೇ ಇದ್ದಾಳೆ. ನಾನು ತಳ್ತಾ ಬಂದಿದ್ದೀನಿ. ಇದೊಂದು ನೋಡ್ತೀನಿ. ಇದು ಅವರಿಗೆ ಹಿಡಿಸಲಿಲ್ಲ ಅಂದ್ರೆ ನನ್ನ ಹತ್ರ ಇನ್ನು ಸಂಗೀತ ಇಲ್ಲ ಅಂತ ಅರ್ಥ. ಹೋಗಿ ಕೂತ್ಕೋತೀನಿ.”

“ಹಿಡಿಸುತ್ತೆ,” ಎಂದಳು ಚುಕ್ಕಿ.

“ಅಷ್ಟು ಗ್ಯಾರಂಟಿಯಾಗಿ ಹೇಗೆ ಹೇಳ್ತೀರಿ?”

‘ನಿಮ್ಮನ್ನ ನಾನು ಕೇಳಿದ ಹಾಗೆ ಯಾರೂ ಕೇಳಿಲ್ಲ, ಅದಕ್ಕೆ’ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಅವನು ಕೆಲಸಕ್ಕೆ ಕೂತ. ದಿನಗಟ್ಟಲೆ ಬಡಿದ, ಅಳಿಸಿದ, ಮತ್ತೆ ಬಡಿದ. ಕೊನೆಗೊಂದು ಸಂಜೆ “ಆಯ್ತು” ಎಂದು ಬೆವರೊರೆಸಿಕೊಂಡು ಮನೆಗೆ ಹೋದ.

ಅವನು ಹೋದ ಮೇಲೆ ಚುಕ್ಕಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು.

ಮುಖ ಸಪ್ಪಗಾಯಿತು. ಹೈ-ಹ್ಯಾಟ್ ಎಲ್ಲ ಗೆರೆಗಿಂತ ಮುಂಚೆ ಬಿದ್ದಿತ್ತು. ಒಂದು ತುಸು ಮುಂಚೆ, ಇನ್ನೊಂದು ತೀರಾ ಮುಂಚೆ. ಯಾರೋ ಹಿಂದಿನಿಂದ ತಳ್ಳುತ್ತಿರುವ ಹಾಗೆ. ಹಳೆಯ ಆ ನಿರಾಳ ಎಲ್ಲಿ? ಆ ಸೋಮಾರಿ ಚಂದ ಎಲ್ಲಿ? ‘ಪಾಪ, ಬೆರಳು ಹೇಳಿದ ಮಾತು ಕೇಳ್ತಿಲ್ಲ’ ಎಂದುಕೊಂಡಳು.

ಓದುಗರೇ, ಇಲ್ಲೇ ನೋಡಿ ನಮ್ಮ ಹುಡುಗಿ ಎಡವಿದ್ದು. ಮನಸ್ಸು ಒಳ್ಳೆಯದೇ, ಆದರೆ ಒಳ್ಳೆ ಮನಸ್ಸಿನವರು ಮಾಡುವ ಅನಾಹುತಕ್ಕೆ ಔಷಧ ಸುಲಭವಾಗಿ ಸಿಗುವುದಿಲ್ಲ.

ಮುಟ್ಟುವ ಮುಂಚೆ ಒಂದು ಪ್ರತಿ ತೆಗೆದಿಟ್ಟುಕೊಳ್ಳುವುದು ಈ ಕೆಲಸದವರ ಅಭ್ಯಾಸ. ತೆಗೆದಿಟ್ಟಳು. ಆಮೇಲೆ ಅವನ ಚುಕ್ಕಿಗಳನ್ನು ಒಂದೊಂದಾಗಿ ಹಿಡಿದು ಗೆರೆಗೆ ಎಳೆದಳು. ಸ್ನೇರನ್ನು ತಡವಾಗಿ ಬೀಳುವ ಹಾಗೆ ಜಾರಿಸಿದಳು. ತನಗೆ ಬಾಯಿಪಾಠವಾಗಿದ್ದ ಆ ಹಳೆಯ ಎಡಗೈಯನ್ನು ಪೂರಾ ತಂದು ಕೂರಿಸಿದಳು. ಕೇಳಿದರೆ ಬ್ಯಾಂಡಿನ ದಿನಗಳ ಅವನೇ. ಅವಳ ಕಣ್ಣು ತುಂಬಿತು.

ಹೇಳುವುದೋ ಬೇಡವೋ? ಬೇಡ. ಹೇಳಿದರೆ ನೊಂದುಕೊಳ್ಳುತ್ತಾನೆ. ತಾನೇ ಮಾಡಿದ್ದು ಎಂದುಕೊಳ್ಳಲಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆಯನ್ನು ಅವಳಿಗೆ ಆಗ ಯಾರೂ ನೆನಪಿಸಲಿಲ್ಲ. ಫೈಲನ್ನು ನಿರ್ದೇಶಕಿಗೆ ಕಳಿಸಿದಳು.

ಮರುದಿನವೇ ಉತ್ತರ ಬಂತು. “ಚೆನ್ನಾಗಿದೆ. ಇಬ್ಬರೂ ಅಭ್ಯಾಸಕ್ಕೆ ಬನ್ನಿ.”

*

ಅಭ್ಯಾಸದ ಹಾಲಿನ ಒಂದು ಗೋಡೆ ತುಂಬಾ ಕನ್ನಡಿ. ಬರಿಗಾಲಲ್ಲಿ ನಿಂತ ಹುಡುಗ ಹುಡುಗಿಯರು. ಡ್ರಮ್ಮರ್ ಅಂದು ಬಲಗೈಯನ್ನು ಜೇಬಿಗೆ ಹಾಕಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಮಾತಾಡಿದ್ದ, ಎರಡು ಸಲ ಅವಳ ಭುಜಕ್ಕೆ ಭುಜ ತಾಗಿಸಿದ್ದ. ಅದು ಬೇಕೆಂದೇ ಎಂದು ಚುಕ್ಕಿಗೆ ಅನುಮಾನವೇ ಇರಲಿಲ್ಲ.

ನಿರ್ದೇಶಕಿ ಟ್ರ್ಯಾಕ್ ಹಾಕಿದರು. ದೊಡ್ಡ ಸ್ಪೀಕರ್. ನಾಲ್ಕು ಪೆಟ್ಟು ಬಿದ್ದವೋ ಇಲ್ಲವೋ, ಡ್ರಮ್ಮರನ ಮುಖದ ಬಣ್ಣ ಇಳಿಯಿತು.

ಪೂರ್ತಿ ಕೇಳಿದ. ಮುಗಿದ ಮೇಲೆ ನಿರ್ದೇಶಕಿಗೆ ತಲೆಬಾಗಿಸಿ ಹೊರಗೆ ನಡೆದ. ಚುಕ್ಕಿ ಓಡಿ ಹೋಗಿ ಕಾರಿಡಾರಿನಲ್ಲಿ ಹಿಡಿದಳು.

“ಯಾವಾಗ ಬದಲಾಯಿಸಿದ್ರಿ?” ಎಂದ ಆತ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವಳಿಗೆ.

“ನೀವು ಹೋದ ಮೇಲೆ... ಸ್ವಲ್ಪ ಸರಿ ಮಾಡಿದೆ. ಹೈ-ಹ್ಯಾಟ್ ತುಂಬಾ ಮುಂಚೆ ಬೀಳ್ತಿತ್ತು. ಬೆರಳು ಹಿಡಿತಕ್ಕೆ ಸಿಗ್ತಿಲ್ಲ ಅಂದ್ಕೊಂಡೆ.”

“ಸಿಗ್ತಿಲ್ಲ, ನಿಜ. ಬೆರಳು ತಡ ಮಾಡುತ್ತೆ ಅಂತ ನಾನು ಮುಂಚೇನೇ ಹೊರಡ್ತೀನಿ. ಕೆಲವು ಸಲ ಬೇಗ ತಲುಪಿಬಿಡ್ತೀನಿ. ಮೊದಮೊದಲು ನನಗೂ ತಪ್ಪು ಅಂತಾನೇ ಅನ್ನಿಸ್ತು. ಆಮೇಲೆ ಅದರಲ್ಲೇ ಏನೋ ಕೇಳಿಸೋಕೆ ಶುರುವಾಯ್ತು. ಅದನ್ನ ಹಿಡ್ಕೊಂಡೇ ಇಡೀ ಬೀಟ್ ಕಟ್ಟಿದ್ದು. ಅಪಘಾತ ಆದ ಮೇಲೆ ನಾನು ಮಾಡಿದ ಮೊದಲನೇ ಹೊಸ ಕೆಲಸ ಅದು.”

ಚುಕ್ಕಿ ಅವನ ದಾರಿಗೆ ಅಡ್ಡ ನಿಂತಳು. “ನಾನು ನಿಮಗೋಸ್ಕರಾನೇ...”

“ಗೊತ್ತು. ಅದೇ ಕಷ್ಟ.” ಆತ ಗೋಡೆಗೆ ಒರಗಿದ. “ನಿಮಗೆ ಇಷ್ಟ ಇರೋದು ಆ ಹಳೇ ಡ್ರಮ್ಮರ್. ಅವನು ಈಗ ಇಲ್ಲ. ಪಕ್ಕದಲ್ಲಿ ಕೂತವನನ್ನ ದಿನಾ ನೋಡಿ ನೋಡಿ ಅವನನ್ನೇ ಹುಡುಕ್ತಿದ್ದೀರಿ. ನಾನೂ ಬೇರೆ ಏನೇನೋ ಅಂದ್ಕೊಂಡುಬಿಟ್ಟಿದ್ದೆ.”

“ಹಾಗಲ್ಲ. ಕೇಳಿ ಸ್ವಲ್ಪ...”

“ಅವರಿಗೆ ಹಿಡಿಸಿರೋದು ನಿಮ್ಮ ಕೆಲಸ. ನಿಮ್ಮ ಹೆಸರಲ್ಲೇ ಕೊಡಿ. ಚೆನ್ನಾಗಿದೆ, ನಿಜವಾಗ್ಲೂ ಚೆನ್ನಾಗಿದೆ. ನಾನು ಹೊರಟೆ.”

ಹೊರಟೇಹೋದ. ಮರುದಿನ ಸ್ಟುಡಿಯೋಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ ಅಕ್ಕ ಎತ್ತಿಕೊಂಡು, “ಅವನು ಡ್ರೈವಿಂಗ್ ಸ್ಕೂಲಲ್ಲಿ ಕೂತಿದ್ದಾನಮ್ಮ. ನಾನೇ ಕರೀತಿದ್ದೆ, ಈಗ ಅವನ ಮುಖ ನೋಡಿದ್ರೆ ಯಾಕಾದ್ರೂ ಕರೆದೆ ಅನ್ಸುತ್ತೆ,” ಎಂದಳು.

*

ಚುಕ್ಕಿ ಅತ್ತೆಯ ಮುಂದೆ ಕೂತು ಎಲ್ಲ ಹೇಳಿಕೊಂಡು ಅತ್ತಳು. ಅತ್ತೆ ನಡುವೆ ಬಾಯಿ ಹಾಕಲಿಲ್ಲ. ಅದೇ ಒಂದು ದೊಡ್ಡ ವಿಷಯ.

“ಒಂದು ಕೇಳ್ತೀನಿ,” ಎಂದರು ಕೊನೆಗೆ. “ಅವನು ಕೊಟ್ಟಿದ್ದನ್ನ ಸರಿ ಮಾಡೋಕೆ ಅಂತ ಕೇಳಿದ್ಯಾ, ಕೇಳೋಕೆ ಅಂತ ಕೇಳಿದ್ಯಾ?”

ಚುಕ್ಕಿ ದಿಂಬಿನಿಂದ ಮುಖ ಎತ್ತಿದಳು.

“ಹೋಗು. ಮುಖ ತೊಳ್ಕೊಂಡು ಕೂತು ಕೇಳು. ಅತ್ತಿದ್ದು ಸಾಕು, ನನ್ನ ದಿಂಬೆಲ್ಲಾ ಒದ್ದೆ.”

ತೆಗೆದಿಟ್ಟ ಪ್ರತಿ ಇತ್ತಲ್ಲ, ಅದನ್ನು ಹಾಕಿದಳು. ಮೊದಲ ಸಲ ಮತ್ತೆ ತಪ್ಪುಗಳೇ ಕೇಳಿಸಿದವು. ಕೈ ತಾನಾಗಿ ಮೌಸಿನತ್ತ ಹೋಯಿತು. ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂತಳು.

ಎಷ್ಟನೆಯ ಸಲಕ್ಕೋ ಹೈ-ಹ್ಯಾಟ್ ಅವಳ ಮೈಗೆ ತಾಗಿತು. ಕಿಕ್ ನೆಲದ ಮೇಲೆ ಗಟ್ಟಿಯಾಗಿ ನಿಂತಿತ್ತು, ಹೈ-ಹ್ಯಾಟ್ ಅದಕ್ಕಿಂತ ಮುಂಚೆ ಹಾರಿ ಹಾರಿ ಹೋಗುತ್ತಿತ್ತು. ಎಲ್ಲಿ ಬೀಳುತ್ತದೋ ಎಂದು ಉಸಿರು ಹಿಡಿಯುವಷ್ಟರಲ್ಲಿ ಬಿದ್ದು ಮುಂದಿನದಕ್ಕೆ ಓಡುತ್ತಿತ್ತು. ಅವಳ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು. ಇದು ನಿರಾಳವಲ್ಲ. ಇನ್ನೇನು ಬೀಳುತ್ತೇನೆ ಎಂದು ಗೊತ್ತಿದ್ದೂ ಹೊರಡುವವನ ನಡಿಗೆ ಇದು.

‘ಹೇಗೆ ಮಾಡಿದ ಇದನ್ನ?’

ಖಾಲಿ ಗ್ರಿಡ್ ತೆರೆದು ತಾನೂ ಹಾಗೆ ಇಡಲು ಕೂತಳು. ಚುಕ್ಕಿಯನ್ನು ಗೆರೆಗಿಂತ ಮುಂಚೆ ಸರಿಸಿದಳು. ಕೇಳಿದರೆ ಅವಸರ, ಅಷ್ಟೆ. ಒಂದನ್ನು ಹೆಚ್ಚು ಒಂದನ್ನು ಕಡಿಮೆ ಸರಿಸಿದಳು. ಬರೀ ಗಡಿಬಿಡಿ. ಸಾಫ್ಟ್‌ವೇರಿಗೇ ಹೇಳಿ ಚೆಲ್ಲಾಪಿಲ್ಲಿ ಮಾಡಿಸಿದಳು, ಅದು ಕುಡುಕನ ನಡಿಗೆಯಾಯಿತು. ಮಧ್ಯಾಹ್ನವೆಲ್ಲ ಕಳೆಯಿತು. ಹಳೆಯ ಎಡಗೈಯನ್ನು ಕಣ್ಣು ಮುಚ್ಚಿ ಇಡುತ್ತಿದ್ದವಳಿಗೆ ಈ ಹೊಸ ಕೈ ಒಂದು ಸಾಲಿನಲ್ಲೂ ಸಿಗಲಿಲ್ಲ.

ಚುಕ್ಕಿ ಕುರ್ಚಿಗೆ ಒರಗಿ ಕೂತಳು. ನಕ್ಕಳು, ಮತ್ತೆ ಅತ್ತಳು. ಇಷ್ಟು ದೊಡ್ಡ ಕಲೆಗಾರ ತನ್ನ ಪಕ್ಕದಲ್ಲೇ ಕೂತು ಹುಟ್ಟುತ್ತಿದ್ದ, ತಾನು ಹಿಂದೆ ತಿರುಗಿ ಯಾರನ್ನೋ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಆ ಪ್ರತಿಯನ್ನು ಹಿಡಿದು ನೇರ ಅಭ್ಯಾಸದ ಹಾಲಿಗೆ ಹೋದಳು.

“ನೀವು ಒಪ್ಪಿದ್ದು ಅವರ ಕೆಲಸ ಅಲ್ಲ,” ಎಂದಳು ನಿರ್ದೇಶಕಿಗೆ. “ನಾನು ಕೇಳದೆ ತಿದ್ದಿದ್ದು. ಅವರು ಮಾಡಿದ್ದು ಇದು. ಇದನ್ನ ಕೇಳಿ ನೀವು ಬೇಡ ಅಂದ್ರೆ ಆ ಇನ್ನೊಂದನ್ನೂ ನಾನು ಕೊಡಲ್ಲ.”

“ಬೆದರಿಕೆಯಾ?”

“ಅಲ್ಲ ಮೇಡಂ. ಅದನ್ನ ನನ್ನದು ಅನ್ನೋಕೆ ನನಗೆ ಬಾಯಿ ಬರಲ್ಲ.”

ನಿರ್ದೇಶಕಿ ಅವಳನ್ನು ಮೇಲಿಂದ ಕೆಳಗೆ ನೋಡಿ ಫೈಲ್ ಹಾಕಿದರು. ನೃತ್ಯದವರು ಮೊದಲ ಸುತ್ತಿನಲ್ಲಿ ತಡವರಿಸಿದರು. ಒಬ್ಬಳು ಪಕ್ಕದವನ ಕಾಲು ತುಳಿದಳು.

“ಮತ್ತೆ,” ಎಂದರು ನಿರ್ದೇಶಕಿ.

ಎರಡನೆಯ ಸುತ್ತಿನಲ್ಲಿ ಯಾರೋ ಒಬ್ಬ ಕಿಕ್ಕಿಗೆ ಕಾಯದೆ ಹೈ-ಹ್ಯಾಟ್‌ಗೇ ಜಿಗಿದ. ಉಳಿದವರಿಗೂ ಅದು ಹೊಳೆಯಿತು. ಆಮೇಲೆ ಆ ಹಾಲಿನಲ್ಲಿ ಯಾರ ಹಿಮ್ಮಡಿಯೂ ನೆಲದ ಮೇಲೆ ನಿಲ್ಲಲಿಲ್ಲ.

ನಿರ್ದೇಶಕಿ ಸ್ಪೀಕರ್ ಆರಿಸಿ, ಚುಕ್ಕಿಯ ಕಡೆ ತಿರುಗಿ ಒಂದೇ ಮಾತು ಹೇಳಿದರು. ಆ ಮಾತು ಏನೆಂದು ಈಗಲೇ ಹೇಳಲಾರೆ. ಕೇಳಬೇಕಾದವನು ಮೊದಲು ಕೇಳಲಿ.

*

ಡ್ರೈವಿಂಗ್ ಸ್ಕೂಲಿನ ಮುಂದೆ ಒಂದು ಸಣ್ಣ ಕಾರು ನಿಂತಿತ್ತು. ಒಳಗೆ ಮೇಜಿನ ಹಿಂದೆ ಡ್ರಮ್ಮರ್ ಕೂತಿದ್ದ. ಚುಕ್ಕಿಯನ್ನು ಕಂಡು ಎದ್ದು ನಿಂತ.

“ಕಾರು ಕಲಿಯೋಕೆ ಬಂದ್ರಾ?”

“ಕಾರಲ್ಲಿ ಸ್ಪೀಕರ್ ಇದೆಯಾ?”

“ಇದೆ.”

“ಹಾಗಾದ್ರೆ ಕಲೀತೀನಿ.”

ಪಕ್ಕದ ಕಪಾಟಿನ ಬಳಿ ನಿಂತಿದ್ದ ಅಕ್ಕ ಕೀಲಿಯನ್ನು ತಮ್ಮನ ಕೈಗೆ ತುರುಕಿದಳು. “ಹೋಗೋ. ಗಾಡಿ ಮಾತ್ರ ಆಚೆ ತಗೋಬೇಡ, ಅವಳ ಕಣ್ಣು ನೋಡಿದ್ರೆ ರಸ್ತೆ ಕಾಣ್ಸೋ ಹಾಗಿಲ್ಲ.”

ಚುಕ್ಕಿ ಸ್ಟೇರಿಂಗ್ ಹಿಂದೆ ಕೂತಳು. ಅವನು ಕಲಿಸುವವರ ಸೀಟಿನಲ್ಲಿ ಕೂತ. ಅವನ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಅವಳು ಫೋನನ್ನು ಕಾರಿನ ಸ್ಪೀಕರಿಗೆ ಸೇರಿಸಿ ಟ್ರ್ಯಾಕ್ ಹಾಕಿದಳು.

ತನ್ನ ಹೈ-ಹ್ಯಾಟ್ ಕೇಳಿದ್ದೇ ಅವನು ತಿರುಗಿದ. ಅವನ ಕಾಲು ಬ್ರೇಕಿನ ಮೇಲೆ ಕಿಕ್ ಒತ್ತುತ್ತಿತ್ತು.

“ನಿರ್ದೇಶಕಿಗೆ ಇದನ್ನೇ ಕೊಟ್ಟೆ,” ಎಂದಳು ಟ್ರ್ಯಾಕ್ ಮುಗಿದ ಮೇಲೆ. “ನಾನು ಮಾಡಿದ್ದನ್ನೂ ಹೇಳಿಬಿಟ್ಟೆ. ಅವರು ಏನಂದ್ರು ಅಂದ್ರೆ...”

“ಬೇಡ.” ಆತ ಅವಳನ್ನೇ ನೋಡುತ್ತಿದ್ದ. “ಅವರದು ಆಮೇಲೆ. ನಿಮಗೆ ಹೇಗನ್ನಿಸ್ತು?”

ಚುಕ್ಕಿಗೆ ಇದು ಪರೀಕ್ಷೆ ಎಂದು ಗೊತ್ತಾಯಿತು. ಆದರೆ ಹೆದರಿಕೆಯಾಗಲಿಲ್ಲ.

“ನಿನ್ನೆ ಮಧ್ಯಾಹ್ನ ಪೂರ್ತಿ ಇದನ್ನ ಕಾಪಿ ಮಾಡೋಕೆ ನೋಡಿದೆ,” ಎಂದಳು. “ನಿಮ್ಮ ಹಳೇ ಕೈ ನನಗೆ ನೀರು ಕುಡಿದಷ್ಟು ಸುಲಭ. ಇದು ಬರಲಿಲ್ಲ. ನನಗೆ ಬರದೇ ಇರೋ ಬೀಟ್ ನಾನು ಇದುವರೆಗೂ ಕೇಳಿರಲಿಲ್ಲ. ಕಾಲೇಜಿನ ಬಸ್ಸಲ್ಲಿ ಕೂತು ಕೇಳ್ತಿದ್ನಲ್ಲ, ಅವನು ನನಗೆ ಇಷ್ಟ ಇದ್ದ. ಸುಳ್ಳು ಹೇಳಲ್ಲ. ಆದ್ರೆ ಅವನ ಹತ್ರ ಒಂದು ಮಾತೂ ಆಡದೆ ವರ್ಷಗಟ್ಟಲೆ ಇರೋಕಾಯ್ತು. ನಿಮ್ಮ ಹತ್ರ ಮಾತಾಡದೆ ಇರೋಕೆ ಆಗ್ತಿಲ್ಲ. ನನಗೆ ನೀವು ಬೇಕು. ಈ ಕೈ, ಈ ಅವಸರ, ಈ ಮೊಂಡು ಬೆರಳು, ಎಲ್ಲಾ ಸೇರಿ ನೀವು.”

ಗಾಜಿನಾಚೆ ಅಕ್ಕ ಕಿಟಕಿ ಒರೆಸುವ ನೆಪದಲ್ಲಿ ಒರೆಸಿದಲ್ಲೇ ಒರೆಸುತ್ತಿದ್ದಳು.

“ನಾನು ಕಲಿಯೋಕೆ ಅಂತ ಬರ್ತಿದ್ದಿದ್ದು ಮೊದಲ ವಾರ ಮಾತ್ರ,” ಎಂದ ಅವನು. ದನಿ ಒಡೆದಿತ್ತು. “ಆಮೇಲೆ ಬಂದಿದ್ದು ನಿನ್ನ ಪಕ್ಕ ಕೂತ್ಕೊಳ್ಳೋಕೆ.”

‘ನಿನ್ನ’ ಎಂದದ್ದನ್ನು ಅವನು ಗಮನಿಸಲಿಲ್ಲ, ಅವಳು ಗಮನಿಸಿದಳು. ಕಣ್ಣೀರು ಕೆನ್ನೆಗಿಳಿಯಿತು. ಅವನು ಬಲಗೈಯಲ್ಲೇ ಒರೆಸಿದ. ಮಡಚದ ಬೆರಳು ಗಲ್ಲಕ್ಕೆ ತಾಗಿದಾಗ ಅವಳು ಆ ಕೈಯನ್ನು ಅಲ್ಲೇ ಹಿಡಿದುಕೊಂಡಳು.

“ಈಗ ಹೇಳು. ಅವರು ಏನಂದ್ರು?”

“‘ಆ ಮೊದಲನೇದು ಅಳಿಸಿಹಾಕು. ಇದನ್ನ ಮಾಡಿದವನನ್ನ ಕರ್ಕೊಂಡು ಬಾ, ಇನ್ನೂ ಮೂರು ಬೇಕು’ ಅಂದ್ರು.”

ಅವನು ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿಕೊಂಡ. ಒಂದು ವರ್ಷದಿಂದ ಹಿಡಿದಿಟ್ಟಿದ್ದ ಅಳು ಅವನಿಗೂ ಬಂತು, ಬರಲಿ ಎಂದು ಅವಳು ಕೈ ಬಿಡದೆ ಕೂತಳು.

“ಇನ್ಮೇಲೆ ನಿಮ್ಮ ಬೀಟ್ ನಾನು ಮುಟ್ಟಲ್ಲ,” ಎಂದಳು ಆಮೇಲೆ, ಮೆಲ್ಲಗೆ.

“ಮುಟ್ಟು.”

“ಮತ್ತೆ ಹಾಳು ಮಾಡಿದ್ರೆ?”

“ಕೇಳಿ ಮುಟ್ಟು,” ಎಂದ ಅವನು. “ನಾನು ಪಕ್ಕದಲ್ಲೇ ಇರ್ತೀನಿ.”